ರೆಂಜೊ ಮಗಳ ಒಲೆ

“ಸಾರಿ, ನಿಮ್ಮ ಟೊಮ್ಯಾಟೊ ಸಾಸ್ ಸೀದುಹೋಗಿದೆ,” ಎಂದಿತು ಫೋನಿನ ಆ ಕಡೆಯ ಗಂಡು ದನಿ, ಇಂಗ್ಲಿಷಿನಲ್ಲಿ, ತುಸು ಅಂಜುತ್ತ.

ಓರ್ನೆಲ್ಲಾ ಬೆನ್ನು ನೆಟ್ಟಗೆ ಮಾಡಿಕೊಂಡಳು. “ಇದು ‘ದಾ ರೆಂಜೊ’. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಅಡುಗೆಮನೆಯಿಂದ ಸೀದ ಪದಾರ್ಥ ಹೊರಗೆ ಹೋಗಿಲ್ಲ.”

“ಹಾಗಾದ್ರೆ ಇವತ್ತು ಮೊದಲನೇ ಸಲ ಹೋಗಿದೆ.”

“ನೀವು ಮೈಕ್ರೋವೇವ್‌ನಲ್ಲಿ ಹೆಚ್ಚು ಹೊತ್ತು ಇಟ್ಟಿರ್ತೀರಿ.”

“ಈ ಮನೆಯಲ್ಲಿ ಮೈಕ್ರೋವೇವ್ ಇಲ್ಲ ಮೇಡಂ. ನನ್ನ ಹತ್ರ ಇರೋದು ಒಂದು ಚಮಚ, ಒಂದು ಮೂಗು.”

ಅವಳು ಪಟ್ಟನೆ ಫೋನಿಟ್ಟಳು. ಇಟ್ಟ ಮೇಲೂ ಕಿವಿ ಬಿಸಿಯಾಗೇ ಇತ್ತು.

೨೦೨೧ರ ಮೇ ತಿಂಗಳು. ಕೊರೊನಾಕ್ಕೆ ಹೆದರಿ ಕ್ವಾಲಾಲಂಪುರ ಮತ್ತೆ ಬಾಗಿಲು ಹಾಕಿಕೊಂಡಿತ್ತು. ಮಾಂಟ್ ಕಿಯಾರಾದ ಆ ಪುಟ್ಟ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿದ್ದವು. ಕಿಟಕಿಯೊಂದರಲ್ಲಿ ತಪಾವ್ ಮಾತ್ರ. ಡಬ್ಬಕ್ಕೆ ಹಾಕಿಸಿಕೊಂಡು ಹೋಗಬೇಕು. ಜಿನೋವಾದಿಂದ ಹೋಟೆಲ್ ಕುಕ್ ಆಗಿ ಬಂದಿದ್ದ ರೆಂಜೊ, ಡಾಕ್ಟರ್ ಅಣ್ಣನ ಮನೆಗೆಂದು ಕುಂದಾಪುರದಿಂದ ಬಂದಿದ್ದ ಸ್ವರ್ಣಲತಾಳನ್ನು ಇದೇ ಊರಿನಲ್ಲಿ ಕಂಡು ಮದುವೆಯಾಗಿದ್ದ. ಇಬ್ಬರೂ ಸೇರಿ ಕಟ್ಟಿದ ಜಾಗ ಇದು. ಅವರ ಒಬ್ಬಳೇ ಮಗಳು ಓರ್ನೆಲ್ಲಾ. ಎಂಟನೇ ವಯಸ್ಸಿನಿಂದ ಇಲ್ಲಿ ಹಿಟ್ಟು ನಾದಿದವಳು. ಈಗ ಅವಳಿಗೆ ಮೂವತ್ತು, ಆದರೂ ಅಪ್ಪನ ಕಾನೂನು ಬದಲಾಗಿರಲಿಲ್ಲ: ಹಿಟ್ಟು ನಿನ್ನದು, ಒಲೆ ನನ್ನದು.

ಅವಳು ಅಡುಗೆಮನೆಗೆ ಹೋಗಿ ಪಾತ್ರೆಯ ಮೇಲೆ ಬಗ್ಗಿದಳು. ಕಮಟು ವಾಸನೆ ಮುಖಕ್ಕೆ ರಾಚಿತು. ಅದೇ ಪಾತ್ರೆಯ ಮುಂದೆ ನಿಂತು ಅಪ್ಪ ಸಮಾಧಾನವಾಗಿ ಸೌಟಾಡಿಸುತ್ತಿದ್ದ.

ಅವಳು ಒಂದು ತುಂಡು ಬ್ರೆಡ್ಡನ್ನು ಚಿಮಟದಲ್ಲಿ ಹಿಡಿದು, ಅವನ ಬೆನ್ನ ಹಿಂದಿನ ಬರ್ನರ್ ಮೇಲೆ ಸುಟ್ಟಳು. ಕಪ್ಪಾಗುವವರೆಗೂ ಸುಟ್ಟಳು. ಹೊಗೆ ಚಿಮಣಿಗೆ ಏರಿತು. ಇಪ್ಪತ್ತು ಮೀಟರ್ ದೂರದಿಂದ ವಾಸನೆಯಲ್ಲೇ ಬೆಳ್ಳುಳ್ಳಿ ಬಣ್ಣ ತಿರುಗಿದ್ದನ್ನು ಹೇಳಬಲ್ಲ ಮನುಷ್ಯ ತಿರುಗಿ ನೋಡಲೇ ಇಲ್ಲ.

“ಪಪಾ,” ಎಂದಳು. “ಯಾವಾಗಿನಿಂದ?”

ಸೌಟು ನಿಂತಿತು. “ಏಪ್ರಿಲ್‌ನಿಂದ,” ಎಂದ ರೆಂಜೊ, ಗೋಡೆ ನೋಡುತ್ತ. “ಜ್ವರ ಹೋಯಿತು. ಜೊತೆಗೆ ಅದೂ ಹೋಯಿತು. ಬೇಸಿಲ್ ಎಲೆ ಮೂಗಿಗೆ ಹಿಡಿದರೆ ಕಾಗದ ಹಿಡಿದಂತೆ.”

*

ಅರ್ಧ ಗಂಟೆಯಲ್ಲಿ ಹೊಸ ಸಾಸ್ ಆಯಿತು. ಮಾಡಿದ್ದು ಅವಳು. ಡಬ್ಬ ಹಿಡಿದು ಎದುರಿನ ಕಾಂಡೋಮಿನಿಯಮ್‌ನ ಲಾಬಿಗೆ ಹೋದಳು. ಆರ್ಡರ್‌ನಲ್ಲಿದ್ದ ಹೆಸರು ‘ಡಾ. ಸು’. ಯಾರೋ ಚೀನೀ ಮುದುಕ ಎಂದುಕೊಂಡಿದ್ದಳು.

ಲಿಫ್ಟಿನಿಂದ ಇಳಿದವನು ಉದ್ದನೆಯ ಯುವಕ. ನೀಲಿ ಮಾಸ್ಕ್, ಕೆದರಿದ ಕೂದಲು, ಕಿವಿಯಲ್ಲಿ ಇಯರ್‌ಫೋನ್. ಅವಳು ಡಬ್ಬವನ್ನು ಗಾರ್ಡಿನ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತಳು. ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಒಂದು ನಿಮಿಷ ಅಮ್ಮ, ಹೋಟೆಲಿನ ಹುಡುಗಿ ಬಂದಿದ್ದಾಳೆ. ಸಿಟ್ಟು ನೋಡಿದ್ರೆ ನನ್ನನ್ನೇ ಹುರಿದುಬಿಡ್ತಾಳೆ ಮಾರಾಯ್ತಿ. ಕಣ್ಣು ಮಾತ್ರ ಚಂದ ಉಂಟು.”

“ಹ್ವಾಯ್,” ಎಂದಳು ಓರ್ನೆಲ್ಲಾ ಕನ್ನಡದಲ್ಲಿ. “ಕಣ್ಣಿನ ಜೊತೆ ಕಿವಿಯೂ ಉಂಟು ನಂಗೆ.”

ಅವನ ಹುಬ್ಬು ಎರಡೂ ಒಟ್ಟಿಗೇ ಮೇಲೇರಿದವು. ಮಾಸ್ಕಿನ ಮೇಲಂಚಿನಲ್ಲಿ ಕೆಂಪು ಹರಡುವುದನ್ನು ಅವಳು ಪೂರ್ತಿ ನೋಡಿದಳು, ಬಿಡದೆ ನೋಡಿದಳು.

“ನೀವು... ಇಟಾಲಿಯನ್ ಅಲ್ವಾ?”

“ಹೌದು. ಅಮ್ಮ ಕುಂದಾಪುರ. ಕ್ಷಮೆ ಕೇಳೋಕೆ ಬಂದಿಲ್ಲ ನಾನು. ಸಾಸ್ ಸೀದಿತ್ತು, ನೀವು ಹೇಳಿದ್ದು ಸರಿ. ಇದು ಹೊಸದು. ಅಷ್ಟೇ.”

“ಇಷ್ಟು ಹೆಮ್ಮೆಯಿಂದ ತಪ್ಪು ಒಪ್ಪಿಕೊಂಡವರನ್ನ ನಾನು ಇದೇ ಮೊದಲು ನೋಡಿದ್ದು,” ಎಂದ ಅವನು. “ನಾನು ಸುಬ್ರಾಯ. ಅಜ್ಜನ ಹೆಸರು. ಇಲ್ಲಿ ಯಾರಿಗೂ ಬಾಯಿಗೆ ಬರೋದಿಲ್ಲ, ಅದಕ್ಕೇ ಸು.”

“ಸುಬ್ರಾಯ,” ಎಂದಳು ಅವಳು, ಒಂದಕ್ಷರವೂ ತಪ್ಪದೆ. ಹೇಳಿ ಹೊರಟುಹೋದಳು.

*

ಸುಬ್ರಾಯ ಉಡುಪಿಯವನು. ಮೆಲಾಕಾದ ವೈದ್ಯಕೀಯ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದ. ಪಾಸ್‌ಪೋರ್ಟ್ ಕೆಲಸಕ್ಕೆಂದು ಎರಡು ದಿನಕ್ಕೆ ಕೆ.ಎಲ್.ಗೆ ಬಂದಾಗ ರಾಜ್ಯದ ಗಡಿ ಮುಚ್ಚಿ, ಗೆಳೆಯನ ಖಾಲಿ ಫ್ಲ್ಯಾಟಿನಲ್ಲಿ ಸಿಕ್ಕಿಬಿದ್ದಿದ್ದ. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ, ಊಟ ಡಬ್ಬದಲ್ಲಿ.

ಮರುದಿನ ಮಧ್ಯಾಹ್ನ ತಪಾವ್ ಕಿಟಕಿಯ ಮುಂದೆ ಬಂದು ನಿಂತ. ಅದರ ಮರುದಿನವೂ ಬಂದ.

ರೆಂಜೊ ಮೂಗಿನ ವಿಷಯವನ್ನು ಅವನಿಗೆ ಹೇಳಿದ್ದು ಸ್ವರ್ಣಲತಾ. ಮೂಗಿಗೆ ವಾಸನೆಯನ್ನು ಮತ್ತೆ ಕಲಿಸಲೆಂದು ಅವನು ಸುಗಂಧದೆಣ್ಣೆಯ ನಾಲ್ಕು ಪುಟ್ಟ ಬಾಟಲಿ ತಂದುಕೊಟ್ಟ: ಲವಂಗ, ನಿಂಬೆ, ಗುಲಾಬಿ, ನೀಲಗಿರಿ. ದಿನಕ್ಕೆ ಎರಡು ಸಲ ಮೂಸಬೇಕು, ಮೂಸುವಾಗ ಅದರ ನೆನಪನ್ನೂ ತಂದುಕೊಳ್ಳಬೇಕು. ರೆಂಜೊ ಪ್ರತಿ ಬೆಳಿಗ್ಗೆ ಕಿಟಕಿಯ ಬಳಿ ಕುಳಿತು, ಪೂಜೆಗೆ ಕುಳಿತವನಂತೆ ಕಣ್ಮುಚ್ಚಿ ಮೂಸುತ್ತಿದ್ದ. ಒಲೆಯ ಮುಂದೆ ಓರ್ನೆಲ್ಲಾ ನಿಂತಳು. ಬೇರೆ ದಾರಿಯೇ ಇರಲಿಲ್ಲ.

“ಇವತ್ತಿನ ಪೆಸ್ಟೊ?” ಎಂದು ಕೇಳುವಳು, ಬೇಸಿಲ್ ಎಲೆ ಅರೆದ ಆ ಹಸಿರು ಚಟ್ನಿಯ ಚಮಚವನ್ನು ಸುಬ್ರಾಯನಿಗೆ ಚಾಚಿ.

“ನಿಜ ಹೇಳಲಾ?”

“ಸುಳ್ಳು ಹೇಳೋರು ಈ ಬೀದಿಯಲ್ಲಿ ತುಂಬ ಜನ ಇದ್ದಾರೆ.”

ಅವನು ಮಾಸ್ಕ್ ಇಳಿಸಿ ಬಾಯಿಗಿಡುವನು. ಆ ಒಂದು ಕ್ಷಣಕ್ಕೆ ಅವನ ಇಡೀ ಮುಖ ಕಾಣುತ್ತಿತ್ತು: ಮೇಲ್ತುಟಿಯ ಬಲಗಡೆ ಒಂದು ಮಚ್ಚೆ, ಗಲ್ಲದಲ್ಲಿ ಎರಡು ದಿನದ ಗಡ್ಡ. ದಿನಕ್ಕೊಂದು ಸಲ, ಚಮಚದಷ್ಟೇ ಹೊತ್ತು. ಅವಳು ಕಾಯುತ್ತಿದ್ದುದು ಪೆಸ್ಟೊ ಬಗೆಗಿನ ಅಭಿಪ್ರಾಯಕ್ಕೋ ಆ ಮಚ್ಚೆಗೋ ಎಂದು ಅವಳನ್ನೇ ಕೇಳಬೇಕಿತ್ತು.

“ಬೆಳ್ಳುಳ್ಳಿ ಮುಂದೆ ಓಡ್ತಾ ಇದೆ,” ಎನ್ನುವನು. ಇಲ್ಲವೇ, “ಇವತ್ತು ಏನೂ ಹೇಳೋದಿಲ್ಲ. ಇನ್ನೊಂದು ಚಮಚ ಕೊಡಿ.”

“ಡಬ್ಬ ತಗೊಳ್ಳಿ ಲಾ, ಚಮಚದಲ್ಲೇ ಮಕಾನ್ ಮುಗಿಸ್ತೀರಾ?” ಎಂದು ಅವಳು, ಊಟಕ್ಕೆ ಮಲಯ್ ಮಾತು ಹಾಕಿ, ಇಲ್ಲಿಯವರ ‘ಲಾ’ ಸೇರಿಸಿ ನಗುವಳು. ನಗು ಕಣ್ಣಿನಲ್ಲಿ ಮಾತ್ರ ಕಾಣುವ ಕಾಲ ಅದು. ಅವನು ಅಷ್ಟನ್ನೇ ಕಟ್ಟಿಸಿಕೊಂಡು ಹೋಗುವನು.

*

ಜುಲೈ ಕೊನೆಯಲ್ಲಿ, ಆಗಲೇ ಮೂರು ರೆಸ್ಟೋರೆಂಟ್‌ಗಳಿದ್ದ ಮಾಲೀಕನೊಬ್ಬ ಜಾಗ ಕೊಳ್ಳುತ್ತೇನೆಂದು ಬಂದ. ಬೋರ್ಡು ಉಳಿಸುತ್ತಾನಂತೆ, ಒಲೆಗೆ ತನ್ನ ಜನ ಇಡುತ್ತಾನಂತೆ. ಮೂರನೇ ದಿನ ರೆಂಜೊ ಕಿಟಕಿಗೆ ಬಂದ ಸುಬ್ರಾಯನನ್ನು ಕೇಳಿದ: “ಡಾಕ್ಟರ್, ನನ್ನ ಮೂಗು ವಾಪಸ್ ಬರುತ್ತಾ?”

“ಬರಬಹುದು. ಬರದೇನೂ ಇರಬಹುದು,” ಎಂದ ಸುಬ್ರಾಯ. ಆಮೇಲೆ ಕೇಳದ ಮಾತನ್ನೂ ಸೇರಿಸಿದ: “ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಮಾರಿಬಿಡ್ತಿದ್ದೆ ಸರ್. ಅದೇ ಬುದ್ಧಿವಂತಿಕೆ.”

ಒಳಗೆ ಪಾತ್ರೆ ಸದ್ದು ನಿಂತಿತು. ಓರ್ನೆಲ್ಲಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ರಸ್ತೆಯಲ್ಲಿ ಬಿಸಿಲು ಸುಡುತ್ತಿತ್ತು.

“ಮೂರು ತಿಂಗಳಿಂದ ಯಾರ ಕೈ ಅಡುಗೆ ತಿಂತಾ ಇದ್ದೀರಿ ಸುಬ್ರಾಯ?”

“ನಿಮ್ಮದು.”

“ಹಾಗಾದ್ರೆ ಆ ಅಡುಗೆಮನೆಯಲ್ಲಿ ಇನ್ನೊಂದು ಮೂಗು ಇದೆ ಅಂತ ನಿಮಗೆ ಕಾಣಲೇ ಇಲ್ವಾ?”

ಅವನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

“ನನ್ನ ಪೆಸ್ಟೊ ಚೆನ್ನಾಗಿಲ್ಲ ಅಂದ್ರೂ ನಂಗೆ ನೋವಾಗಿಲ್ಲ. ಒಲೆ ಮುಂದೆ ನಿಂತಿದ್ದ ನನ್ನನ್ನೇ ನೀವು ನೋಡಿಲ್ಲ. ಅದು ನೋವು.” ಅವಳು ಡಬ್ಬ ಅವನ ಕೈಗಿಟ್ಟಳು. “ನಾಳೆಯಿಂದ ಬೇರೆ ಕಡೆ ತಪಾವ್ ಮಾಡಿ.”

ಆ ವಾರವೇ ಕಾಲೇಜಿನಿಂದ ಅವನಿಗೆ ಕರೆ ಬಂತು. ಪೊಲೀಸ್ ಪರವಾನಗಿ ಪತ್ರ ಹಿಡಿದು ಮೆಲಾಕಾಗೆ ಹೊರಟ. ಹೋಗುವ ಮುನ್ನ ಒಂದು ಪತ್ರವನ್ನು ಸ್ವರ್ಣಲತಾ ಕೈಯಲ್ಲಿ ಕೊಟ್ಟ. ಕನ್ನಡದಲ್ಲಿ ಬರೆದದ್ದು. ಓರ್ನೆಲ್ಲಾಳಿಗೆ ಕನ್ನಡ ಓದಲು ಬಾರದು. ಅಮ್ಮ ಓದಿ ಹೇಳಿದಳು, ಅವಳು ಬೆನ್ನು ತಿರುಗಿಸಿಕೊಂಡು ಹಿಟ್ಟು ನಾದುತ್ತ ಕೇಳಿದಳು:

“ಯಾರೂ ಕೇಳದ ಬುದ್ಧಿ ಹೇಳಿದೆ. ತಪ್ಪು ನನ್ನದು. ದಿನಾ ನಿಮ್ಮ ಕಿಟಕಿಗೆ ಬರುತ್ತಿದ್ದವನು ನಿಮ್ಮ ಕಣ್ಣು ನೋಡಿದೆ, ನಿಮ್ಮ ಕೈ ನೋಡಲಿಲ್ಲ. ಆ ಕೈ ಎಂಥದು ಎಂದು ಈಗ, ನನ್ನ ಅಡುಗೆ ನಾನೇ ತಿನ್ನುವಾಗ ಗೊತ್ತಾಗುತ್ತಿದೆ. ನಿಮ್ಮನ್ನು ಇಷ್ಟಪಡುತ್ತೇನೆ ಎಂದು ಹೇಳುವ ಹಕ್ಕು ಸದ್ಯಕ್ಕೆ ಕಳೆದುಕೊಂಡಿದ್ದೇನೆ.”

“ಉತ್ತರ ಬರಿತ್ಯಾ ಮಗಾ?” ಎಂದು ಕೇಳಿದಳು ಸ್ವರ್ಣಲತಾ.

“ಈಗಲ್ಲ,” ಎಂದಳು ಮಗಳು. “ತೋರಿಸೋಕೆ ಏನಾದ್ರೂ ಆದಮೇಲೆ.”

ಅಂದೇ ಸಂಜೆ ಅಪ್ಪನ ಎದುರು ಕುಳಿತಳು. “ಪಪಾ, ಮಾರಬೇಡ. ಒಲೆ ನನಗೆ ಕೊಡು. ಸಹಾಯಕ್ಕಲ್ಲ. ಪೂರ್ತಿ ಕೊಡು.”

ರೆಂಜೊ ಮಗಳ ಮುಂಗೈಯನ್ನು ನೋಡಿದ. ಎಣ್ಣೆ ಸಿಡಿದ ಮೂರು ಹೊಸ ಕಲೆಗಳಿದ್ದವು. ಅವನದೇ ಕೈಯಲ್ಲಿ ಅಂಥವು ಮೂವತ್ತಿದ್ದವು. “ನನ್ನ ಹಾಗೆ ಮಾಡಬೇಡ,” ಎಂದ. “ನನ್ನ ಹಾಗೆ ಮಾಡಿದರೆ ಜನ ಹೋಲಿಸುತ್ತಾರೆ. ನಿನ್ನ ಹಾಗೆ ಮಾಡು.”

*

ಆಗಸ್ಟ್ ಇಪ್ಪತ್ತರಂದು, ಎರಡು ಲಸಿಕೆ ಹಾಕಿಸಿಕೊಂಡವರು ಒಳಗೆ ಕೂತು ಉಣ್ಣಬಹುದೆಂದು ಸರ್ಕಾರ ಹೇಳಿತು. ಕುರ್ಚಿಗಳು ಕೆಳಗಿಳಿದವು. ಮಧ್ಯಾಹ್ನ ಏಳು ಮೇಜು ತುಂಬಿದವು. ಓರ್ನೆಲ್ಲಾ ಅಂದು ತನ್ನದೇ ಒಂದು ಪದಾರ್ಥ ಇಟ್ಟಿದ್ದಳು: ಕೈಯಲ್ಲಿ ಹೊಸೆದ ಪಾಸ್ತಾ, ಬೇಸಿಲ್ ಜೊತೆ ಅಮ್ಮ ಕುಂಡದಲ್ಲಿ ಬೆಳೆಸಿದ ಒಂದೆಲಗ, ಗೋಡಂಬಿ, ಹುರಿದ ತೆಂಗಿನ ತುರಿ.

ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ, ಸುಬಾಂಗ್ ಜಯಾದ ಮುದುಕಿಯೊಬ್ಬಳು, ತಟ್ಟೆ ಒರೆಸಿ ತಿಂದು ಕೂಗಿದಳು: “ರೆಂಜೊ! ಇಷ್ಟು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದೆ?”

ಮೂಲೆಯ ಮೇಜಿನಿಂದ ರೆಂಜೊ ಎದ್ದು ನಿಂತ. ಅವನಿಗೆ ಅದರ ಪರಿಮಳ ಸಿಕ್ಕಿರಲಿಲ್ಲ, ಒಂದಿಷ್ಟೂ. ಆದರೆ ಏಳು ಮೇಜಿನ ಮುಖಗಳನ್ನು ಅವನು ಓದಿದ್ದ.

“ನಾನಲ್ಲ,” ಎಂದ, ಎಲ್ಲರಿಗೂ ಕೇಳುವಂತೆ. “ಅಡುಗೆ ನನ್ನ ಮಗಳದ್ದು. ಇಂದಿನಿಂದ ಈ ಮನೆಯ ಅಡುಗೆ ಅವಳದ್ದೇ.”

ಓರ್ನೆಲ್ಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ತಲೆ ಎತ್ತಿಕೊಂಡೇ ಚಪ್ಪಾಳೆ ಕೇಳಿಸಿಕೊಂಡಳು, ಪೂರ್ತಿ ಮುಗಿಯುವವರೆಗೂ. ಆಮೇಲೆ ಒಳಗೆ ಹೋಗಿ ಒಲೆಯ ಉರಿ ಸಣ್ಣ ಮಾಡಿದಳು.

*

ಅಕ್ಟೋಬರ್ ಹನ್ನೊಂದು, ಸೋಮವಾರ. ರಾಜ್ಯಗಳ ನಡುವಿನ ಗಡಿ ತೆರೆದ ಮೊದಲ ದಿನ. ರೆಸ್ಟೋರೆಂಟಿಗೆ ಸೋಮವಾರ ರಜೆ. ಬೆಳಿಗ್ಗೆ ಅವಳು ಕಾರಿನ ಬೀಗದ ಕೈ ತೆಗೆದುಕೊಂಡಾಗ ಸ್ವರ್ಣಲತಾ ಎಲ್ಲಿಗೆಂದು ಕೇಳಲಿಲ್ಲ. “ಹೋಯ್ಕಂಡ್ ಬಾ,” ಎಂದಳು, ಅಷ್ಟೇ.

ಹೆದ್ದಾರಿಯ ತುಂಬ ಕಾರುಗಳು. ಎಲ್ಲರೂ ಯಾರನ್ನೋ ನೋಡಲು ಹೊರಟವರೇ. ಎರಡು ಗಂಟೆಯ ದಾರಿ ನಾಲ್ಕು ಗಂಟೆಯಾಯಿತು.

ಪತ್ರದ ಕೊನೆಯಲ್ಲಿ ವಿಳಾಸ ಕೊಟ್ಟಿದ್ದ ಮೆಲಾಕಾದ ಬಾಡಿಗೆ ಮನೆಯ ವರಾಂಡದಲ್ಲಿ ಸುಬ್ರಾಯ ಲ್ಯಾಪ್‌ಟಾಪ್ ಮುಂದೆ ಪಾಠ ಮಾಡುತ್ತಿದ್ದ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಪಂಚೆ. ಗೇಟಿನ ಸದ್ದಿಗೆ ತಲೆಯೆತ್ತಿದವನು ವಾಕ್ಯವನ್ನು ಅರ್ಧಕ್ಕೇ ಬಿಟ್ಟ. “ಒನ್ ಮಿನಿಟ್, ಕ್ಲಾಸ್,” ಎಂದು ಕ್ಯಾಮೆರಾ ಆರಿಸಿ ಎದ್ದು ನಿಂತ.

“ಓರ್ನೆಲ್ಲಾ.”

“ನಾನು ಮೊದಲು ಮಾತಾಡ್ತೀನಿ,” ಎಂದಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು. “ಪತ್ರ ಕೇಳಿಸಿಕೊಂಡೆ. ಉತ್ತರ ಕೊಡೋಕೆ ನನಗೆ ಟೈಮ್ ಬೇಕಿತ್ತು. ಈಗ ದಾ ರೆಂಜೊ ಒಲೆ ನನ್ನದು. ವಾರಕ್ಕೆ ಆರು ದಿನ ಮೇಜು ತುಂಬ್ತಾ ಇವೆ. ಅದನ್ನ ನಾನು ಯಾರಿಗೋಸ್ಕರವೂ ಬಿಡಲ್ಲ. ನೀವೂ ನಿಮ್ಮ ಕೆಲಸ ಬಿಡಬೇಕು ಅಂತ ನಾನು ಕೇಳಲ್ಲ. ಆದ್ರೆ ಸೋಮವಾರ ನನಗೆ ರಜೆ. ಆ ಸೋಮವಾರಗಳು ನಿಮಗೆ ಬೇಕಾ? ಎಲ್ಲಾ ಸೋಮವಾರಗಳು?”

ಮಾಸ್ಕ್ ಇಲ್ಲದ ಸುಬ್ರಾಯನ ಇಡೀ ಮುಖ ಅವಳ ಮುಂದಿತ್ತು. ಅದನ್ನು ನೋಡಲು ಈಗ ಬೇಕಾದಷ್ಟು ಹೊತ್ತಿತ್ತು.

ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ ಹುಡುಗಿಯೊಬ್ಬಳ ದನಿ ಬಂತು: “ಸರ್, ಮೈಕ್ ಆನ್ ಇದೆ. ಭಾಷೆ ಅರ್ಥವಾಗಲಿಲ್ಲ. ಆದ್ರೂ ಪ್ಲೀಸ್, ಯೆಸ್ ಅನ್ನಿ ಲಾ.”

ಹಿಂದೆಯೇ ನಲವತ್ತು ಮೈಕುಗಳು ಒಟ್ಟಿಗೇ ತೆರೆದುಕೊಂಡು ಗದ್ದಲವೆಬ್ಬಿಸಿದವು. ಓರ್ನೆಲ್ಲಾ ಕೈಯಿಂದ ಬಾಯಿ ಮುಚ್ಚಿಕೊಂಡು, ಬಗ್ಗಿ ಬಗ್ಗಿ ನಕ್ಕಳು.

ಸುಬ್ರಾಯ ಲ್ಯಾಪ್‌ಟಾಪ್ ಕಡೆ ತಿರುಗಿ, “ಯೆಸ್,” ಎಂದ. ಆಮೇಲೆ ಅವಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: “ಬೇಕು. ಸೋಮವಾರಗಳು ನೀವು ಕೊಡಿ. ಶನಿವಾರ, ಭಾನುವಾರ ನಾನು ಅಲ್ಲಿಗೆ ಬರ್ತೀನಿ. ಮೇಜು ಒರೆಸ್ತೀನಿ, ಪಾತ್ರೆ ತೊಳಿತೀನಿ. ನಿಮ್ಮ ಅಡುಗೆಮನೆಯಲ್ಲಿ ನನಗೆ ಯಾವ ಕೆಲಸ ಕೊಟ್ರೂ ಅದು ನನಗೆ ಹೆಮ್ಮೆ.”

ಅವನು ಕ್ಲಾಸ್ ಮುಗಿಸಿದ. ಅವಳು ಚಪ್ಪಲಿ ಬಿಟ್ಟು ವರಾಂಡದ ಮೆಟ್ಟಿಲ ಮೇಲೆ ಕುಳಿತಳು. ಅವನೂ ಬಂದು ಪಕ್ಕದಲ್ಲಿ ಕುಳಿತ, ಮೂರು ಅಡಿಯ ಅಂತರವಿಲ್ಲದೆ, ಭುಜಕ್ಕೆ ಭುಜ ತಾಗಿಸಿ. ಅವಳು ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

ಮಧ್ಯಾಹ್ನ ಒಂದೂವರೆ. ಅವರ ಮೊದಲನೇ ಸೋಮವಾರ ಇನ್ನೂ ಅರ್ಧ ಉಳಿದಿತ್ತು.