ಒಬ್ಬೊಬ್ಬರಿಗೆ ಒಂದೊಂದು ಹೆಸರು

ಸಮತಾ ಮಹಡಿ ಇಳಿದು ಬಂದಾಗ ಪಡಸಾಲೆಯಲ್ಲಿ ಅರ್ಧ ಸೋಸಿದ ರಾಜಗಿರಿ ಸೊಪ್ಪು ಹರಡಿ ಬಿದ್ದಿತ್ತು. ಸೋಸುತ್ತ ಕುಳಿತಿದ್ದ ಹುಡುಗಿ ಮಾತ್ರ ಇರಲಿಲ್ಲ.

ಮೊದಲು ಅಡುಗೆಮನೆ ನೋಡಿದಳು, ಆಮೇಲೆ ಮಕ್ಕಳ ಕೋಣೆ, ಬಚ್ಚಲು. ಹಿತ್ತಲ ಬಾಗಿಲ ಅಗಳಿ ತೆಗೆದಿತ್ತು. ಅದನ್ನು ಕಂಡದ್ದೇ ಅವಳು ಕೂಗಿದಳು.

"ಉಡಚವ್ವಾ, ಹುಡುಗಿ ಎಲ್ಲಿ?"

ಅಡುಗೆಯ ಉಡಚವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಈಗರ ಇಲ್ಲೇ ಕುಂತಿತ್ತಲ್ರಿ ಅಕ್ಕಾರ! ನಾ ರೊಟ್ಟಿ ಬಡದ ಬರೂದ್ರಾಗ..."

ಉಳಿದ ಮಕ್ಕಳು ಶಾಲೆಗೆ ಹೋಗಿದ್ದರು. ಮನೆ ಬಿಕೋ ಎನ್ನುತ್ತಿತ್ತು.

ಸವಣೂರಿನ ಆ ಮನೆಗೆ 'ನೆರಳು' ಎಂದು ಹೆಸರು. ದೂರದ ರಾಜ್ಯಗಳಿಂದ ದುಡಿಯಲು ಬಂದು, ಜತೆಗೆ ತಮ್ಮವರೆನ್ನುವ ದೊಡ್ಡವರಿಲ್ಲದೆ ಸಿಕ್ಕಿಬಿದ್ದ ಮಕ್ಕಳನ್ನು ಊರು ಮುಟ್ಟಿಸುವ ತನಕ ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದೊಂದು ಮಗುವಿಗೂ ಒಬ್ಬ ಕೇಸ್ ವರ್ಕರ್. ಈ ಹುಡುಗಿಯ ಹೊಣೆ ಸಮತಾಳದು. ಹತ್ತು ವರ್ಷವಿದ್ದೀತು. ಯಲವಿಗಿ ಸ್ಟೇಷನ್ನಿನ ಬೆಂಚಿನ ಕೆಳಗೆ ಮುದುಡಿ ಮಲಗಿದ್ದವಳನ್ನು ಸಮತಾಳ ಜತೆಗಾರ ಹಾಲೇಶ ಕರೆತಂದಿದ್ದ. ರೈಲ್ವೆ ಪೊಲೀಸರ ಮುಂದೆ 'ಮೀನಾ' ಎಂದಿದ್ದಳು. ಹುಬ್ಬಿನ ಮೇಲೆ ಹಸಿ ಗಾಯ, ಎಡೆಬಿಡದ ಕೆಮ್ಮು. ಎಲ್ಲಿಯವಳು, ಎಲ್ಲಿ ದುಡಿಯುತ್ತಿದ್ದಳು ಎಂದು ಕೇಳಿದರೆ ತುಟಿ ಬಿಗಿದುಕೊಳ್ಳುತ್ತಿದ್ದಳು.

ಸಂಸ್ಥೆಯ ಮುಖ್ಯಸ್ಥೆ ಸುಜಾತಾ ಮೆಟ್ಟಿಲ ಮೇಲಿಂದಲೇ ಕೂಗಾಡಿದರು. "ಹೊಣಿ ನಿಂದು ಸಮತಾ! ಆ ಹಿತ್ತಲ ಬಾಗಲಾ ಯಾರು ತಗದಿಟ್ರು? ನಾಳೆ ಮಕ್ಕಳ ಕಲ್ಯಾಣ ಸಮಿತಿ ಮುಂದ ನಾ ಏನ್ ಹೇಳ್ಲಿ?"

ಹಾಲೇಶ ಆಗಲೇ ಮೋಟಾರ್‌ಸೈಕಲ್ಲಿನ ಕೀಲಿ ತೆಗೆದಿದ್ದ. "ಸ್ಟೇಷನ್ ಕಡೆ ನಾ ನೋಡ್ತೇನಿ. ಸಮತಾ, ನೀವು ಬಸ್‌ಸ್ಟ್ಯಾಂಡಿಗೆ ಹೋಗ್ರಿ," ಎಂದವನೇ ಹೊರಟುಹೋದ.

ಎಲ್ಲರಿಗಿಂತ ಕೊನೆಗೆ ಮುನವ್ವರಾ ಇಳಿದು ಬಂದರು. ಬಂಕಾಪುರದ ಆ ನಡುವಯಸ್ಸಿನ ಹೆಂಗಸು ಧಾರವಾಡದಲ್ಲಿ ಬಹಳ ಕಾಲ ಮನೋರೋಗಿಗಳ ನಡುವೆ ಕೆಲಸ ಮಾಡಿದ್ದವರು. ಈಗ ವಾರಕ್ಕೊಮ್ಮೆ ಬಂದು ಕೇಸ್ ವರ್ಕರುಗಳನ್ನು ಮಹಡಿಯ ಕೋಣೆಯಲ್ಲಿ ಸುತ್ತ ಕೂರಿಸಿಕೊಳ್ಳುತ್ತಿದ್ದರು. ಆ ದಿನದ ಕೂಟ ಆಗಷ್ಟೇ ಮುಗಿದಿತ್ತು. ಮಕ್ಕಳನ್ನು ನೋಡಿಕೊಳ್ಳುವವರ ಮನಸ್ಸನ್ನು ನೋಡಿಕೊಳ್ಳುವುದು ಅವರ ಕೆಲಸ. ಮಗುವಿನ ಸಂಕಟ ಕೇಳಿ ಕೇಳಿ ಯಾರು ನಿದ್ದೆಗೆಟ್ಟಿದ್ದಾರೆ, ಯಾರು ಮರುಕದಲ್ಲಿ ಎಡವುತ್ತಿದ್ದಾರೆ ಎಂದು ಮಾತಿನಲ್ಲೇ ಹಿಡಿಯುತ್ತಿದ್ದರು. ಹಾನಗಲ್ಲಿನ ಇಟ್ಟಿಗೆ ಭಟ್ಟಿಯಿಂದ ಕಾಣೆಯಾದ ಹುಡುಗ ಶಿಗ್ಗಾಂವಿಯಲ್ಲಿದ್ದಾನೆ ಎಂದು ಕುಳಿತಲ್ಲಿಂದಲೇ ಹೇಳಿದ ಮೇಲಂತೂ ಠಾಣೆಯವರೂ ಅವರ ಮಾತಿಗೆ ಕಿವಿಗೊಡುತ್ತಿದ್ದರು. ಸಮತಾಳಿಗೆ ಅವರು ಆಪಾ, ಅಕ್ಕ.

"ಓಡಬ್ಯಾಡ ಬೇಟಾ," ಎಂದು ಅವರು ಸಮತಾಳ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದರು. "ಉಡಚವ್ವಾ, ನಾವು ಮ್ಯಾಲೆ ಕುಂತಾಗ ಯಾರರ ಬಂದಿದ್ರೇನು?"

"ಬಂದಿದ್ದ್ರಿ ಒಬ್ಬಾಂವ. ಗೇಟಿನಾಗ ನಿಂತು, 'ರೋಶನಿ ಎಲ್ಲಿ? ನಾ ಅಕಿ ಮಾಮಾ' ಅಂದ. ಅರ್ಧ ಹಿಂದಿ, ಅರ್ಧ ನಮ್ಮ ಮಾತು. ಇಲ್ಲೆ ಯಾವ ರೋಶನಿನೂ ಇಲ್ಲ, ಹೋಗಪಾ ಅಂತ ಕೀಲಿ ತಗೀಲಿಲ್ಲ. 'ಯಲವಿಗಿಯಾಗ ಸಿಕ್ಕಾಕಿ, ಹುಬ್ಬಿಗೆ ಗಾಯ ಆಗೇತಿ' ಅಂತ ಮತ್ತ ಅಂದ. ಮ್ಯಾಲಿನವರನ್ನ ಕರೀತೇನಿ ಅಂದೆ, ಹೊಂಟಹೋದ."

"ಹುಡುಗಿ ಕೇಳಸ್ಕೊಂತೇನು?"

"ಕೇಳಸ್ಕೊಂತ್ರಿ. ಪಲ್ಲೆ ಕೈಯಾಗ ಹಿಡಕೊಂಡು ಕಲ್ಲಾಗಿ ನಿಂತಬಿಟ್ಟಿತ್ತು."

"ಆ ಹೆಸರು ಇನ್ನ ಯಾರ ಮುಂದೂ ಅನಬ್ಯಾಡ್ರಿ. ಸುಜಾತಾ ಮುಂದೂ ಬ್ಯಾಡ."

ಮುನವ್ವರಾ ಉಡಚವ್ವಳ ಕಿವಿಯ ಹತ್ತಿರ ಬಾಗಿ ಏನೋ ಕೇಳಿದರು. ಉಡಚವ್ವ ಸಂಕೋಚದಿಂದ ಏನೋ ಪಿಸುಗುಟ್ಟಿದಳು. ಅಲ್ಲಿಂದ ಅವರು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಹಗ್ಗದ ಎದುರು ನಿಂತರು. ಬೆಳಿಗ್ಗೆ ಅಲ್ಲಿ ಹುಡುಗಿಯ ಹಸಿರು ಫ್ರಾಕು ಇತ್ತೆಂದು ಸಮತಾಳಿಗೆ ನೆನಪಿತ್ತು. ಈಗ ಇರಲಿಲ್ಲ. ಅದಕ್ಕೆ ಸಿಕ್ಕಿಸಿದ್ದ ಕ್ಲಿಪ್ಪುಗಳು ಡಬ್ಬಿಯಲ್ಲಿದ್ದವು. ಬಾಗಿಲ ಬಳಿಯ ಚಪ್ಪಲಿಯೂ ಇರಲಿಲ್ಲ.

"ಸಮತಾ, ಆ ಹುಡುಗಿ ನಿನಗ ಗುಟ್ಟಿನಾಗ ಏನಂತ ಹೆಸರು ಹೇಳೇತಿ?"

ಸಮತಾ ಬೆಚ್ಚಿದಳು. ಹದಿನೈದು ದಿನದ ಹಿಂದೆ ಹುಡುಗಿ ಅವಳ ಕಿವಿಯಲ್ಲಿ, ಇದು ನನ್ನ ನಿಜವಾದ ಹೆಸರು, ಯಾರಿಗೂ ಹೇಳಬೇಡ ಎಂದಿದ್ದಳು. "ಚಂಪಾ ಅಂತ ರೀ ಆಪಾ. ಯಾರಿಗೂ ಹೇಳಿಲ್ಲ. ಹೇಳಬೇಕಿತ್ತೇನೋ."

"ಇರ್ಲಿ. ನಿನ್ನ ಮನಿ ಕೀಲಿ ಕೊಡು. ನಮಾಜಿನ ಹೊತ್ತಾತು, ಇಲ್ಲೆ ಗದ್ದಲ."

ಸಮತಾ ಕೀಲಿ ಕೊಟ್ಟಳು. ಅವಳ ಬಾಡಿಗೆ ಮನೆ ಹಿಂದಿನ ಓಣಿಯಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ಇಷ್ಟು ಶಾಂತವಾಗಿ ನಮಾಜಿಗೆ ಹೇಗೆ ಹೊರಟರಪ್ಪ ಎಂದು ಅವಳಿಗೆ ಒಳಗೊಳಗೇ ಸಿಟ್ಟು ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಅವಳು ಹತ್ತದ ಬಸ್ಸಿಲ್ಲ. ಹಾವೇರಿ, ಹುಬ್ಬಳ್ಳಿ, ಲಕ್ಷ್ಮೇಶ್ವರ, ಯಾವ ಬಸ್ಸು ಬಂದರೂ ಒಳಗೆ ಹೋಗಿ ಸೀಟುಗಳ ಕೆಳಗೂ ಬಗ್ಗಿ ನೋಡಿದಳು. ವೀಳ್ಯದೆಲೆಯ ಪೆಂಡಿ ಏರಿಸುತ್ತಿದ್ದ ಹಮಾಲರನ್ನು ಕೇಳಿದಳು. ಹೆಣ್ಣುಮಗುವಿನ ಕೈಹಿಡಿದು ನಡೆದ ಗಂಡಸರೆಲ್ಲ ಅವಳಿಗೆ ಕಳ್ಳರಂತೆ ಕಂಡರು. ಒಬ್ಬನ ಅಂಗಿ ಹಿಡಿದು ನಿಲ್ಲಿಸಿಯೂ ಬಿಟ್ಟಳು. ಅವನ ಮಗಳು ಹೆದರಿ ಅತ್ತಿತು. ಸಮತಾ ಕೈಮುಗಿದು ಕ್ಷಮೆ ಕೇಳಿದಳು. ಈಗ ಆ ಹುಡುಗಿ ಯಾವ ಗಾಡಿಯಲ್ಲಿ, ಯಾರ ಕೈಯಲ್ಲಿ ಬಾಯಿ ಮುಚ್ಚಿಸಿಕೊಂಡು ಕುಳಿತಿದೆಯೋ ಎಂಬ ಯೋಚನೆ ಬಂದಾಗಲೆಲ್ಲ ಮುಂದಿನ ಬಸ್ಸಿಗೆ ಓಡುತ್ತಿದ್ದಳು.

ಇಳಿಹೊತ್ತಿಗೆ ಮುನವ್ವರಾರಿಂದ ಫೋನ್ ಬಂತು. "ಮ್ಯಾಲಿನ ಕೋಣಿಗೆ ಬಾ. ಎಲ್ಲಾರೂ ಬರಾಕತ್ತಾರ."

ಮಹಡಿಯಲ್ಲಿ ಎಂದಿನಂತೆ ಕುರ್ಚಿಗಳನ್ನು ಸುತ್ತ ಹಾಕಿದ್ದರು. ಸುಜಾತಾ, ಹಾಲೇಶ, ಸಮತಾ ಕುಳಿತರು. ಬಾಗಿಲ ಬಳಿ ಸಬ್ ಇನ್ಸ್‌ಪೆಕ್ಟರ್ ಅಂಬರೀಶ ನಿಂತಿದ್ದರು. ಕೂಟದ ನಿಯಮದಂತೆ ಎಲ್ಲರೂ ಫೋನನ್ನು ಬುಟ್ಟಿಗೆ ಹಾಕಬೇಕಾಯಿತು. ಉಡಚವ್ವ ಕಾಣಲಿಲ್ಲ.

"ಹುಡುಕೂದು ಬಿಟ್ಟು ಇಲ್ಲೆ ಕುಂತು ಏನ್ ಮಾಡೂದ್ರಿ?" ಎಂದ ಹಾಲೇಶ.

"ಒಂದು ಗಳಿಗಿ," ಎಂದರು ಮುನವ್ವರಾ. "ನಾವೆಲ್ಲಾ ಹುಡುಗೀನ ಯಾರೋ ಎಳಕೊಂಡು ಹೋದ್ರು ಅಂತ ತಿಳ್ಕೊಂಡ್ವಿ. ಎಳಕೊಂಡು ಹೋಗಾಂವ ಹಗ್ಗದ ಮ್ಯಾಲಿನ ತೊಯ್ದ ಫ್ರಾಕ್ ತಗೊಂತಾನೇನು? ಕ್ಲಿಪ್ ತಿರುಗಿ ಡಬ್ಬಿಗೆ ಹಾಕ್ತಾನೇನು? ಅಕಿ ತಾನ ಹೋಗ್ಯಾಳ. ಯಾಕ ಹೋದ್ಲು ಅನ್ನೂದು ನಮ್ಮ ಮುಂದಿನ ಪ್ರಶ್ನೆ."

ಅವರು ತಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಹೋದ ವಾರದ ಕೂಟ ನೆನಪು ಮಾಡಿಕೊಳ್ರಿ. ಈ ಹುಡುಗಿ ವಿಷಯ ಬಂದಾಗ ಒಬ್ಬೊಬ್ಬರ ಮುಖನೂ ಅರಳ್ತಿತ್ತು. ಸುಜಾತಾ, 'ಅದು ನನ್ನ ಮಾತು ಭಾಳ ಕೇಳ್ತೇತಿ' ಅಂದ್ರಿ. ಸಮತಾ ದವಾಖಾನಿಂದ ಬರ್ತಾ ಅಕೀನ ತನ್ನ ಮನಿಗೆ ಕರಕೊಂಡು ಹೋಗಿದ್ದು, ಅಕಿ ಹಿತ್ತಲದಾಗ ನಿಂತು ಗ್ವಾಡಿ ನೋಡಿದ್ದು ಹೇಳಿದ್ಲು. ಹಾಲೇಶ, ನೀ ಅಂತೂ, 'ಯಾರಿಗೂ ಹೇಳದ ಮಾತು ನನಗ ಹೇಳೇತ್ರಿ, ಇಲ್ಲೆ ಬಿಚ್ಚಾಕ ಬರೂದಿಲ್ಲ' ಅಂದಿ. ಪ್ರತಿಯೊಬ್ಬರಿಗೂ ಹುಡುಗಿ ತನ್ನನ್ನಷ್ಟೇ ನಂಬೇತಿ ಅಂತ ಹೆಮ್ಮೆ. ಒಂದು ಮಗು ಎಲ್ಲಾರಿಗೂ ಇಂಥಾ ಹೆಮ್ಮೆ ಹಂಚಾಕತ್ತಿದ್ರ ಅದು ಏನೋ ಪರೀಕ್ಷೆ ಮಾಡಾಕತ್ತೇತಿ ಅಂತ ನನಗ ಅವತ್ತ ಅನಸಿತ್ತು."

"ಏನ್ ಪರೀಕ್ಷೆ ರೀ?" ಸುಜಾತಾ ಕೇಳಿದರು.

"ಹೆಸರಿಂದು. ಇವತ್ತ ನಿಮ್ಮನ್ನ ಒಬ್ಬೊಬ್ಬರನ್ನ ಬ್ಯಾರೆ ಕರದು, ಹಾಲೇಶಗ ಫೋನ್ ಹಚ್ಚಿ ಕೇಳಿದೆನಲ್ಲ? ಸುಜಾತಾಗ ಅಕಿ ಪಿಂಕಿ. ಸಮತಾಗ ಚಂಪಾ. ಉಡಚವ್ವಗ ಗುಡಿಯಾ. ಎಲ್ಲಾರಿಗೂ ಒಂದ ಮಾತು, 'ಇದು ಖರೆ ಹೆಸರು, ಯಾರಿಗೂ ಹೇಳಬ್ಯಾಡ'. ಯಾವ ಹೆಸರು ಮತ್ತೊಬ್ಬರ ಬಾಯಾಗ ಬರ್ತೇತಿ ಅಂತ ಕಾದು ಕುಂತಿದ್ಲು ಆ ಹುಡುಗಿ. ಇವತ್ತ ಬಂತು. ಗೇಟಿನಾಗ ಮಾಮಾ ಅಂತ ನಿಂತಾಂವ 'ರೋಶನಿ' ಅಂದ."

ಸಮತಾ ಒಬ್ಬೊಬ್ಬರ ಮುಖ ನೋಡಿದಳು. ಹಾಲೇಶ ಕಿಟಕಿಯ ಕಡೆ ತಿರುಗಿದ್ದ.

"ಹಾಲೇಶ ಮಾತ್ರ, 'ನನಗೂ ಮೀನಾ ಅಂತಾನ ಹೇಳ್ಯಾಳ, ಬ್ಯಾರೆ ಯಾವ ಹೆಸರೂ ಹೇಳಿಲ್ಲ' ಅಂದ. ಹೌದಲ್ಲಪಾ? ಹಂಗಾದ್ರ ಹೋದ ವಾರ ಬಿಚ್ಚಾಕ ಬರೂದಿಲ್ಲ ಅಂದ ಮಾತು ಯಾವುದು?"

"ಅದು... ಅದು ಬ್ಯಾರೆ, ಊರಿನ ವಿಷಯ ರೀ."

"ಯಾವ ಊರು?"

ಹಾಲೇಶ ಬುಟ್ಟಿಯಲ್ಲಿದ್ದ ತನ್ನ ಫೋನಿನ ಕಡೆ ನೋಡಿದ.

"ಇನ್ನೊಂದು ಮಾತು. 'ಹಿರೇಕೆರೂರು ಕಡೆ ಹತ್ತಿ ಜಿನ್ನಿಂಗ್ ಶೆಡ್ಡಿನ್ಯಾಗ ವಿಚಾರಿಸಿ ಬಂದೇನಿ, ಏನೂ ಇಲ್ಲ' ಅಂತನೂ ಅವತ್ತ ಹೇಳಿದಿ. ಹುಡುಗಿ ಹತ್ತಿ ಅನ್ನೂ ಮಾತು ಅವತ್ತಿನ ತನಕ ಯಾರ ಮುಂದನೂ ಆಡಿರಲಿಲ್ಲ. ಯಲವಿಗಿಯಾಗ ಸಿಕ್ಕಾಕಿಗೆ ಹಿರೇಕೆರೂರಿನ ಶೆಡ್ ನಿನಗ್ಯಾಕ ನೆನಪಾತು? ಇವತ್ತ ಮುಂಜಾನೆ ಸಮತಾ ಏಳಾಕ ನೋಡಿದಾಗೆಲ್ಲಾ, 'ಇನ್ನೊಂದು ಕೇಸ್ ಐತ್ರಿ ಆಪಾ' ಅಂತ ಕುಂದ್ರಿಸಿದಾಂವ ಯಾರು? ನಾವೆಲ್ಲಾ ಮ್ಯಾಲಿರೂ ಹೊತ್ತು ನೋಡಿ ಆ ಮಾಮಾ ಹೆಂಗ ಬಂದ?"

ಹಾಲೇಶ ತಟ್ಟನೆ ಬುಟ್ಟಿಯ ಕಡೆ ಕೈ ಚಾಚಿದ. ಅಂಬರೀಶ ಬುಟ್ಟಿಯನ್ನು ಎತ್ತಿಕೊಂಡರು.

"ಶೆಡ್ಡಿಗೆ ಫೋನ್ ಹಚ್ಚಬೇಕೇನು?" ಎಂದರು. "ನಮ್ಮ ಜೀಪ್ ಆಗಲೇ ಅಲ್ಲಿಗೆ ಮುಟ್ಟೇತಿ."

ಹಾಲೇಶ ಕುರ್ಚಿಯಲ್ಲಿ ಕುಸಿದ. ಮುಖ ಮುಚ್ಚಿಕೊಂಡೇ ಹೇಳತೊಡಗಿದ. ಶೆಡ್ಡು ಅವನ ಅಕ್ಕನ ಗಂಡನದು. ಹುಡುಗಿ ಮತ್ತು ಅವಳ ತಮ್ಮ ಅಲ್ಲಿ ದುಡಿಯುತ್ತಿದ್ದರು. ತಮ್ಮನ ಕೈ ಹತ್ತಿಯ ಬೀಜ ಬಿಡಿಸುವ ಯಂತ್ರಕ್ಕೆ ಸಿಕ್ಕು ಬೆರಳು ಜಜ್ಜಿಹೋದವು. ದವಾಖಾನೆಗೆ ಒಯ್ಯಿರೆಂದು ಗಲಾಟೆ ಮಾಡಿದ ಹುಡುಗಿಗೆ ಪೆಟ್ಟು ಬಿತ್ತು. ಅವಳು ಲಾರಿಯೊಂದನ್ನು ಹತ್ತಿ ತಪ್ಪಿಸಿಕೊಂಡಳು.

"ಸ್ಟೇಷನ್ನಿನ್ಯಾಗ ಸಿಕ್ಕಾಗ ನನಗ ಗೊತ್ತಿರಲಿಲ್ರಿ. ಆಮ್ಯಾಲೆ ಮಾವ ಗುರುತು ಹೇಳಿದ. ಹುಡುಗಿ ಬಾಯಿ ಬಿಟ್ರ ಎಲ್ಲಾರೂ ಜೈಲಿಗೆ, ಅಕ್ಕ ಬೀದಿಗೆ ಬೀಳ್ತಾಳ ಅಂದ. ಶೆಡ್ಡಿನ ಆಳನ್ನ ಮಾಮಾ ಅಂತ ಕಳಸ್ತೇನಿ, ರೈಲ್ ಹತ್ತಿಸಿ ಊರಿಗೆ ಮುಟ್ಟಸ್ತೇವಿ ಅಂದ ರೀ. ನಾ ನಂಬಿದೆ."

"ನಂಬಿದಿಯೇನು?" ಮುನವ್ವರಾರ ದನಿ ಏರಲಿಲ್ಲ.

ಹಾಲೇಶ ತಲೆಯೆತ್ತಲಿಲ್ಲ. "ನಂಬಬೇಕಂತ ನಂಬಿದೆ."

ಸಮತಾಳಿಗೆ ಇನ್ನು ತಡೆಯಲಾಗಲಿಲ್ಲ. "ಹುಡುಗಿ ಎಲ್ಲಿ ಆಪಾ?"

"ಯೋಚನೆ ಮಾಡು. ರೋಶನಿ ಅನ್ನೂದು ಹಾಲೇಶಗಷ್ಟ ಕೊಟ್ಟ ಹೆಸರು, ಅದನ್ನ ಕೇಳಿದ ಕೂಡಲೇ ಅಕಿಗೆ ಅಂವ ಬಿಟ್ಟುಕೊಟ್ಟದ್ದು ತಿಳೀತು. ಅಂವ ಓಡಾಡೂ ಮನ್ಯಾಗ ಇರಾಕ ಹೆದರಿದ್ಲು. ಸ್ಟೇಷನ್, ಬಸ್‌ಸ್ಟ್ಯಾಂಡ್ ಎರಡೂ ಕಡೆ ಆ ಮಾಮಾನ ಭಯ. ಈ ಊರಾಗ ಅಕಿ ಕಂಡ ಮನಿ ಇನ್ನ ಒಂದ ಒಂದು. ಆ ಮನಿಯಾಕಿಗೆ ಕೊಟ್ಟ ಹೆಸರು ಯಾರ ಬಾಯಾಗೂ ಬಂದಿರಲಿಲ್ಲ. ಕೀಲಿ ಇಸಕೊಂಡು ಹೋಗಿ ನೋಡಿದೆ. ಗ್ವಾಡಿ ಹತ್ತಿ ಒಳಗ ಜಿಗಿದು, ನಿನ್ನ ಹಿತ್ತಲ ಕಟ್ಟಿಗಿ ಒಟ್ಟಲ ಹಿಂದ, ಮೊಣಕಾಲಾಗ ಮುಖ ಇಟ್ಕೊಂಡು ಕುಂತಿತ್ತು. ತಮ್ಮನ ವಿಷಯ, ಹತ್ತಿ ಶೆಡ್ಡಿನ ವಿಷಯ ಅಲ್ಲೇ ಹೇಳ್ತು. ಅಂಬರೀಶವರ ಜೀಪ್ ಹಿರೇಕೆರೂರು ಮುಟ್ಟೂ ತನಕ ಹಾಲೇಶಗ ಸುಳಿವು ಸಿಗಬಾರದಿತ್ತು, ಅದಕ್ಕ ನಿನಗೂ ಹೇಳಲಿಲ್ಲ. ನಿನ್ನ ಮುಖ ಗುಟ್ಟು ಇಡೂದಿಲ್ಲ, ಬೇಟಾ. ಉಡಚವ್ವ ಅಕಿ ಜೋಡಿ ಅದಾಳ."

ಸುಜಾತಾ ಸಮತಾಳ ಕಡೆ ನೋಡಿ, "ನಾ ಮುಂಜಾನೆ ಏನೇನೋ ಅಂದೆ..." ಎಂದು ತಡವರಿಸಿದರು.

"ಕೇಸಿನ ಮಗೂನ ಮನಿಗೆ ಕರಕೊಂಡು ಹೋದದ್ದು ಸರೀನೋ ತಪ್ಪೋ, ಅದನ್ನ ಮುಂದಿನ ವಾರ ಮಾತಾಡೋಣು," ಎಂದರು ಮುನವ್ವರಾ. "ಈಗ ಓಡು."

ಸಮತಾ ಓಡಿದಳು. ಹುಡುಗಿ ಅವಳ ಅಡುಗೆಮನೆಯಲ್ಲಿ ಉಡಚವ್ವ ಬಡಿದುಕೊಟ್ಟ ರೊಟ್ಟಿ ತಿನ್ನುತ್ತಿತ್ತು. ಎದ್ದು ಬರಲಿಲ್ಲ, ಅಳಲೂ ಇಲ್ಲ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿತು. ಸಮತಾ ಅಲ್ಲಿ ಕುಳಿತು, ಇಡೀ ದಿನ ಹಿಡಿದಿಟ್ಟಿದ್ದನ್ನೆಲ್ಲ ಅತ್ತಳು.

ಮರುದಿನ ಹಾವೇರಿಯಲ್ಲಿ, ಸಮಿತಿಯ ಕಚೇರಿಯ ಮುಂದೆ ಪೊಲೀಸ್ ಜೀಪು ನಿಂತಿತು. ಶೆಡ್ಡಿನಲ್ಲಿ ಸಿಕ್ಕ ಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಬಲಗೈಗೆ ದಪ್ಪ ಬ್ಯಾಂಡೇಜು ಸುತ್ತಿದ ಸಣ್ಣ ಹುಡುಗನೊಬ್ಬ ಇಳಿದ. ಹುಡುಗಿ ಸಮತಾಳ ಕೈ ಬಿಡಿಸಿಕೊಂಡು ನಡೆದುಹೋಗಿ, ಎದುರು ನಿಂತು, ಅವನ ಬೆನ್ನಿಗೆ ಒಂದು ಗುದ್ದಿದಳು. ಅವನೂ ಎಡಗೈಯಲ್ಲಿ ತಿರುಗಿ ಗುದ್ದಿದ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಅವಳು ತಮ್ಮನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಒಳಗಿನಿಂದ ಕರೆ ಬಂತು. ಸಮತಾ ಬಾಗಿಲಿಗೆ ಹೋಗಿ, ಇನ್ನು ಸ್ವಲ್ಪ ಹೊತ್ತು ಬಿಟ್ಟು ಕರೆತರುತ್ತೇನೆಂದು ಹೇಳಿ ಬಂದಳು.