ಅಜ್ಜನ ತೋರುಬೆರಳು

“ಇವತ್ತಾದ್ರೂ ಬಿಚ್ಚಿ ತೋರ್ಸು ಅಜ್ಜಾ, ಪ್ಲೀಸ್!”

ಅರಾಸೆಲಿ ಅಜ್ಜನ ಬಲಗೈ ಬ್ಯಾಂಡೇಜನ್ನೇ ನೋಡುತ್ತಾ ನಿಂತಳು. ದೋಣಿಯ ಹಗ್ಗಕ್ಕೆ ಸಿಕ್ಕಿ ಅಜ್ಜನ ತೋರುಬೆರಳು ತುಂಡಾಗಿತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ದಿನಾ ಇದೇ ರಗಳೆ.

“ಬೆರಳೇನು ಮೂಲಂಗಿನಾ, ಬೆಳೆಯೋಕೆ?” ಅಣ್ಣ ಎಫ್ರೇನ್ ನಕ್ಕ.

“ತಮಾಲ್‌ಗೆ ಕಾಲು ಬೆಳೀಲಿಲ್ವಾ?”

ತಮಾಲ್ ಅಂದರೆ ಅಂಗಳದ ತೊಟ್ಟಿಯಲ್ಲಿರುವ ಅಹೊಲೋತೆ. ಹಲ್ಲಿಯಂಥ ನೀರುಪ್ರಾಣಿ, ಕತ್ತಿನ ಎರಡೂ ಕಡೆ ಗರಿಯಂಥ ಜುಟ್ಟು. ಎಷ್ಟು ವಯಸ್ಸಾದರೂ ಮರಿಯ ಮುಖವೇ! ಪಾಪ, ಒಂಟಿಯಾಗಿದೆ ಅಂತ ಅರಾಸೆಲಿ ಒಮ್ಮೆ ಪಕ್ಕದ ತೊಟ್ಟಿಯದನ್ನೂ ತಂದು ಜೊತೆಗೆ ಬಿಟ್ಟಿದ್ದಳು. ಹಸಿದಿದ್ದ ಅದು ತಮಾಲ್‌ನ ಕಾಲನ್ನೇ ಕಚ್ಚಿ ನುಂಗಿತು. ಅರಾಸೆಲಿ ಅತ್ತದ್ದೇ ಅತ್ತದ್ದು. ಆದರೆ ಮೆಲ್ಲಗೆ ಮೊಗ್ಗಿನಂತೆ ಕಾಲು ಮೂಡಿತು, ಪುಟಾಣಿ ಬೆರಳುಗಳೂ ಬಂದವು.

“ಬಾ, ತೋಟಕ್ಕೆ ಹೋಗೋಣ. ಕೆಸರು ನಮಗೋಸ್ಕರ ಕಾಯಲ್ಲ,” ಎಂದ ಅಜ್ಜ.

ಕಾಲುವೆಯ ತಳದಿಂದ ಎತ್ತಿ ಹರಡಿದ ಕೆಸರನ್ನು ಎಫ್ರೇನ್ ಬೆಳಿಗ್ಗೆಯೇ ಚೌಕ ಚೌಕವಾಗಿ ಕತ್ತರಿಸಿದ್ದ. ಪ್ರತಿ ಚೌಕದಲ್ಲಿ ಬೆರಳಿಂದ ಒಂದು ತೂತು, ಅದರೊಳಗೆ ಚೆಂಡುಹೂವಿನ ಬೀಜ. ತೂತು ಮಾತ್ರ ಯಾವಾಗಲೂ ಅಜ್ಜನದೇ. ಬಿಸಿಲೇರಿದರೆ ಕೆಸರು ಒಣಗಿ ಬಿರಿಯುತ್ತದೆ, ಬೀಜ ಹಾಕಲಾಗುವುದಿಲ್ಲ. ಆಮೇಲೆ ಸತ್ತವರ ಹಬ್ಬದ ದಿನ ಅಜ್ಜಿಯ ಫೋಟೋಗೆ ಮನೆಯ ಹೂವೇ ಇರುವುದಿಲ್ಲ.

ಅಜ್ಜ ಬಗ್ಗಿದ. ಅಭ್ಯಾಸಬಲದಿಂದ ಬಲಗೈ ಮುಂದೆ ಹೋಯಿತು, ಬ್ಯಾಂಡೇಜ್ ಕೆಸರಿಗೆ ತಾಗಿ ನಿಂತಿತು. ಎಡಗೈಯಿಂದ ಒತ್ತಿದ. ಚೌಕ ಒಡೆಯಿತು. ಇನ್ನೊಂದೂ ಒಡೆಯಿತು.

“ಎಷ್ಟು ಆಳ ಅಂತ ಆ ಬೆರಳಿಗೇ ಗೊತ್ತಿತ್ತು,” ಎಂದು ಬೀಜಗಳನ್ನು ಅಂಗೈಯಲ್ಲಿ ಹಿಡಿದು ಕೂತ.

ಅರಾಸೆಲಿ ಅವನ ಪಕ್ಕ ಕುಕ್ಕರಿಸಿದಳು. “ಅದು... ಬರಲ್ವಾ ಅಜ್ಜಾ?”

“ನಾನು ತಮಾಲ್ ಅಲ್ವಲ್ಲ ಪುಟ್ಟೀ. ನನ್ನ ಮುಖ ನೋಡು, ಮರಿ ಥರ ಇದ್ಯಾ?”

ಅವಳಿಗೆ ನಗು ಬರಲಿಲ್ಲ. ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡಳು. ಆಮೇಲೆ ತೋರುಬೆರಳನ್ನು ಕೆಸರಿಗೆ ಒತ್ತಿದಳು. ತಣ್ಣಗಿತ್ತು.

“ಇಷ್ಟು ಸಾಕಾ?”

“ಅಯ್ಯೋ, ಬಾವಿ ತೋಡ್ತಿದೀಯಾ? ಉಗುರು ಮುಳುಗಿದ್ರೆ ಸಾಕು.”

“ಈಗ?”

“ಹಾಂ! ಅಷ್ಟೇ ನೋಡು.”

ಅಜ್ಜನ ಎಡಗೈಯಿಂದ ಬೀಜವೊಂದು ಒಳಗೆ ಬಿತ್ತು. ತೂತು, ಬೀಜ. ತೂತು, ಬೀಜ. ಬಿಸಿಲೇರುವಷ್ಟರಲ್ಲಿ ಕೊನೆಯ ಸಾಲೂ ಮುಗಿಯಿತು.

ಮರುದಿನ ಅರಾಸೆಲಿ ತಮಾಲ್‌ಗೆ ಎರೆಹುಳ ಹಾಕುತ್ತಿದ್ದಳು. ಅಜ್ಜನೇ ಬಂದು ಕೈ ಚಾಚಿದ. “ಏನಮ್ಮಾ, ಇವತ್ತು ಬಿಚ್ಚಿ ನೋಡಲ್ವಾ?”

“ಬೇಡಜ್ಜಾ. ನೋವಾಗತ್ತೆ.”

ಅವಳ ತೋರುಬೆರಳ ಉಗುರಿನಲ್ಲಿ ಕಪ್ಪು ಕೆಸರು ಇನ್ನೂ ಇತ್ತು. ಅವಳು ತೊಳೆದಿರಲಿಲ್ಲ.