ರುದ್ರಾಣಿ ಹೆಸರಿನ ಲೈಸೆನ್ಸು

"ಇದಕ್ಕ ಕೈ ಹಚ್ರಿ ಅಂತ ನಿಮಗ ಯಾರು ಹೇಳಿದ್ರು?"

ಮದುವೆಯಾಗಿ, ಗಂಡನ ಜೊತೆ ನ್ಯೂಜಿಲೆಂಡಿಗೆ ಬಂದು ಎಂಟು ತಿಂಗಳಾಗಿತ್ತು. ರುದ್ರಾಣಿ ಗಂಡನ ಮುಖವನ್ನು ನೆಟ್ಟಗೆ ನೋಡಿ ಮಾತಾಡಿದ್ದು ಅದೇ ಮೊದಲು.

ಶಿವಪ್ರಸಾದ ಊಟದ ಮೇಜಿನ ಮುಂದೆ ಕುಳಿತಿದ್ದ. ಎದುರಿಗೆ ಅವಳ ಲ್ಯಾಪ್‌ಟಾಪ್. ಆಗಷ್ಟೇ ತೊಳೆದಿಟ್ಟ ತಟ್ಟೆಯಂತೆ ಹೊಳೆಯುವ ಪರದೆ. ಅದರ ಮೇಲೆ ಅವಳದು ಎನ್ನುವ ಒಂದೇ ಒಂದು ಗುರುತೂ ಇಲ್ಲ!

ಪಾಪ, ಅವನು ಹೊಗಳಿಕೆಗೆ ಕಾಯುತ್ತಿದ್ದ. ಲ್ಯಾಪ್‌ಟಾಪ್ ಪದೇಪದೇ ನಿಂತುಹೋಗುತ್ತದೆ ಎಂದು ಅವಳು ಗೊಣಗಿದ್ದು ಅವನ ಕಿವಿಗೆ ಬಿದ್ದಿತ್ತು. ಭಾನುವಾರ ಅವಳು ಹಿಂದಿನ ಬೀದಿಯ ಇಂದಿರಾ ಆಂಟಿಯ ಮನೆಗೆ ಹೋದದ್ದೇ ತಡ, ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿ ಮುಗಿಸಿದ್ದ. ಹೆಂಡತಿಯನ್ನು ಖುಷಿಪಡಿಸಲು ಈ ಸಿವಿಲ್ ಎಂಜಿನಿಯರನಿಗೆ ಗೊತ್ತಿದ್ದ ದಾರಿ ಇಷ್ಟೇ ಅನ್ನಿ.

"ಫೈಲ್ ಎಲ್ಲಾ ಪೆನ್ ಡ್ರೈವ್‌ನ್ಯಾಗ ಅದಾವ. ಒಂದೂ ಹೋಗಿಲ್ಲ," ಎಂದ.

"ಫೈಲ್ ತಗೊಂಡು ಏನ್ ಮಾಡ್ಲಿ? ಅವನ್ನ ತೆರಿಯೋ ಸಾಫ್ಟ್‌ವೇರ್ ಎಲ್ಲೈತಿ?"

"ಮತ್ತ ಹಾಕಿದ್ರಾತು. ಅದ್ರಾಗೇನೈತಿ?"

ಅದರಲ್ಲೇ ಎಲ್ಲಾ ಇತ್ತು.

ರುದ್ರಾಣಿ ಧಾರವಾಡದಲ್ಲಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಕಸೂತಿ ಕಲಿತವಳು. ಆಮೇಲೆ ಕಸೂತಿಯ ಅದೇ ಗೋಪುರ, ಆನೆ, ಪಲ್ಲಕ್ಕಿಯ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಲು ಕಲಿತಳು. ಮಷಿನ್ ಬಟ್ಟೆಯ ಮೇಲೆ ಹೊಲಿಯಬೇಕಾದರೆ ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಎಂದು ಪ್ರತಿಯೊಂದು ಹೊಲಿಗೆಯನ್ನೂ ಮೊದಲೇ ಹೇಳಿಡಬೇಕು. ಆ ಕೆಲಸದ ಸಾಫ್ಟ್‌ವೇರನ್ನು ಎರಡೇ ಎರಡು ಕಂಪ್ಯೂಟರುಗಳಲ್ಲಿ ಚಾಲೂ ಮಾಡಲು ಅನುಮತಿ.

ಒಂದು ಅನುಮತಿ ಧಾರವಾಡದಲ್ಲಿ ಸುಟ್ಟುಹೋದ ಹಳೆಯ ಕಂಪ್ಯೂಟರಿನ ಜೊತೆಗೇ ಹೋಗಿತ್ತು. ಉಳಿದದ್ದು ಈ ಲ್ಯಾಪ್‌ಟಾಪಿನದು. ವಿಂಡೋಸ್ ಅಳಿಸುವ ಮೊದಲು ಸಾಫ್ಟ್‌ವೇರಿನ ಒಳಗೆ ಹೋಗಿ ಈ ಅನುಮತಿಯನ್ನು ಬಿಡಿಸಿಕೊಳ್ಳಬೇಕಿತ್ತು. ಶಿವಪ್ರಸಾದನಿಗೆ ಅದು ಗೊತ್ತಿರಲಿಲ್ಲ. ಈಗ ಕಂಪನಿಯ ಕಣ್ಣಿಗೆ ಇದೇ ಲ್ಯಾಪ್‌ಟಾಪ್ ಮೂರನೆಯ ಕಂಪ್ಯೂಟರ್.

ಅವಳು ಸಾಫ್ಟ್‌ವೇರ್ ಹಾಕಿ, ಲೈಸೆನ್ಸಿನ ಕೀ ಬರೆದಳು. ಆಕ್ಟಿವೇಶನ್ ಮಿತಿ ಮುಗಿದಿದೆ ಎಂದಿತು ಪರದೆ. ಮತ್ತೊಮ್ಮೆ ಬರೆದಳು... ಅದೇ ಉತ್ತರ.

'ಬೇಕಂತನೇ ಮಾಡ್ಯಾರ. ನನ್ನ ವಿಷಯ ಗೊತ್ತಾಗೇ ಮಾಡ್ಯಾರ.'

ಅವಳ ವಿಷಯ ಎಂದರೆ ಆಲ್ಬನಿ. ಇಲ್ಲಿಂದ ವಿಮಾನದಲ್ಲಿ ಹೋಗಬೇಕಾದ ಆಕ್ಲೆಂಡಿನ ಉತ್ತರಕ್ಕಿರುವ ಆ ಊರಿನ ಎಂಬ್ರಾಯ್ಡರಿ ಕಂಪನಿಯೊಂದು ಅವಳಿಗೆ ಪರೀಕ್ಷೆ ಕೊಟ್ಟಿತ್ತು. ಮುಂದೂ ಹಿಂದೂ ಒಂದೇ ತೆರನಾಗಿ ಕಾಣುವ ಗವಂತಿ ಹೊಲಿಗೆಯ ಗೋಪುರವೊಂದನ್ನು ಮಷಿನ್‌ಗೆ ಕೂಡಿಸಿ, ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು. ಒಪ್ಪಿಗೆಯಾದರೆ ಕೆಲಸ, ಅವಳದೇ ಹೆಸರಲ್ಲಿ ವೀಸಾ. ಆಮೇಲೆ ಅವಳು ಹೊರಟುಹೋಗುವವಳಿದ್ದಳು. ಒಬ್ಬಳೇ.

ಗಂಡ ಬಯ್ಯುತ್ತಿದ್ದನೇ? ಇಲ್ಲ. ಹೊಡೆಯುತ್ತಿದ್ದನೇ? ಅದೂ ಇಲ್ಲ. ಮಾತೇ ಆಡುತ್ತಿರಲಿಲ್ಲ! ಬೆಳಿಗ್ಗೆ ಏಳಕ್ಕೆ ಕಾರು ಹತ್ತಿ ಹೋದರೆ, ಸಂಜೆ ಬಂದು ಉಂಡು ಕಟ್ಟಡದ ಡ್ರಾಯಿಂಗು ಬಿಚ್ಚಿಕೊಂಡು ಕೂರುತ್ತಿದ್ದ. ಅವಳಿಗೆ ಕಾರು ಓಡಿಸಲು ಬಾರದು. ಕಾರಿಲ್ಲದವರಿಗೆ ಈ ಕ್ರೈಸ್ಟ್‌ಚರ್ಚ್ ಊರು ಎಂದರೆ ಕಿಟಕಿಯಿಂದ ಕಾಣುವ ಬೀದಿ, ಅಷ್ಟೇ. ಇಡೀ ದಿನ ಫ್ರಿಜ್ಜಿನ ಸದ್ದು ಕೇಳುತ್ತ ಕುಳಿತು ಕುಳಿತು ಅವಳಿಗೆ ಉಸಿರುಗಟ್ಟಿದಂತಾಗುತ್ತಿತ್ತು. ಆ ಮನೆಯಲ್ಲಿ ಅವಳಿಗೆಂದು ಇದ್ದ ಒಂದೇ ಬಾಗಿಲು ಈ ಲ್ಯಾಪ್‌ಟಾಪ್. ಅದೂ ಮುಚ್ಚಿತು.

ಸೋಮವಾರ ಸಾಫ್ಟ್‌ವೇರ್ ಕಂಪನಿಗೆ ಬರೆದಳು. ಬುಧವಾರ ಉತ್ತರ ಬಂತು. ಒಂದು ಅನುಮತಿಯನ್ನು ಬಿಡಿಸಿಕೊಡಬಹುದು. ಆದರೆ ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರ ಫೋಟೋ ಇರುವ ಗುರುತಿನ ಚೀಟಿ ಬೇಕು.

ಲೈಸೆನ್ಸು ರುದ್ರಾಣಿಯ ಹೆಸರಿನಲ್ಲಿತ್ತು. ನ್ಯೂಜಿಲೆಂಡಿನಲ್ಲಿ ರುದ್ರಾಣಿ ಎಂಬವಳೇ ಇರಲಿಲ್ಲ.

ಗದಗಿನ ಮದುವೆ ಮಂಟಪದಲ್ಲಿ ತಟ್ಟೆಯ ತುಂಬ ಅಕ್ಕಿ ಹರಡಿ ಶಿವಪ್ರಸಾದನ ಮುಂದಿಟ್ಟಿದ್ದರು. ರುದ್ರಾಣಿ ಎಂಬ ಹೆಸರು ಸಿಟ್ಟಿನ ಹೆಸರು, ಮನೆಗೆ ಹೊಂದುವುದಿಲ್ಲ ಎಂದು ಅತ್ತೆ ಮೊದಲೇ ತೀರ್ಮಾನಿಸಿಯಾಗಿತ್ತು. ತಾಯಿ ಕಿವಿಯಲ್ಲಿ ಹೇಳಿದ ಹೊಸ ಹೆಸರನ್ನು ಮಗ ಉಂಗುರದಿಂದ ಅಕ್ಕಿಯಲ್ಲಿ ಬರೆದ. ಶ್ರೀರಕ್ಷಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಮದುಮಗಳು ತಲೆ ತಗ್ಗಿಸಿ ಕುಳಿತಿದ್ದಳು, ಅವಳನ್ನು ಯಾರೂ ಏನೂ ಕೇಳಲಿಲ್ಲ. ಪಾಸ್‌ಪೋರ್ಟ್, ವೀಸಾ, ಆಧಾರ್, ಬ್ಯಾಂಕಿನ ಕಾರ್ಡು, ಎಲ್ಲವೂ ಶ್ರೀರಕ್ಷಾಳದ್ದೇ.

ಹೆಸರು ಬದಲಾದದ್ದಕ್ಕೆ ಅಫಿಡವಿಟ್ ಇತ್ತು. ಅದು ಗದಗಿನಲ್ಲಿ ಅತ್ತೆಯ ತಿಜೋರಿಯೊಳಗೆ. ಅತ್ತೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಪುಣೆಯ ಮಗಳ ಮನೆಗೆ ಹೋಗಿದ್ದರು, ಬರುವುದು ಮುಂದಿನ ವಾರ.

ಬುಧವಾರ ಸಂಜೆ ಬೇರೆ ದಾರಿ ಕಾಣದೆ ರುದ್ರಾಣಿ ಲ್ಯಾಪ್‌ಟಾಪಿನಲ್ಲಿ ಆ ಪತ್ರವನ್ನು ತೆರೆದು ಗಂಡನ ಮುಂದಿಟ್ಟಳು. ಅವನು ಓದಿದ. ಕೊನೆಯ ಸಾಲಿನ ತನಕ ಓದಿದ. ಅಷ್ಟರಲ್ಲಿ ಅದರ ಕೆಳಗಿದ್ದ ಇನ್ನೊಂದು ಪತ್ರ ಅವನ ಕಣ್ಣಿಗೆ ಬಿತ್ತು. ಆಲ್ಬನಿಯದು. ನೀವು ಒಬ್ಬರೇ ಬರುವುದಾಗಿ ತಿಳಿಸಿದ್ದೀರಿ, ಆಯ್ಕೆಯಾದರೆ ಇರಲೆಂದು ಬಾಡಿಗೆಗೆ ಒಂದು ಕೋಣೆ ನೋಡಿದ್ದೇವೆ ಎಂದು ಅದರಲ್ಲಿತ್ತು.

ಅವನ ಕೈ ಅಲ್ಲೇ ನಿಂತಿತು.

ಅವನು ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿ ಎದ್ದ.

"ನಾಳಿ ರಜಾ ಹಾಕ್ತೀನಿ. ಒಂಬತ್ತಕ್ಕ ತಯಾರಾಗು. ಪಾಸ್‌ಪೋರ್ಟ್ ತಗೋ."

ಅಷ್ಟೇ. ಯಾಕೆ, ಎಲ್ಲಿಗೆ ಎಂದು ಹೇಳಲಿಲ್ಲ. ಕೇಳುವ ಧೈರ್ಯ ಅವಳಿಗಾಗಲಿಲ್ಲ.

'ಊರಿಗೆ ಕಳಿಸ್ತಾರ. ಟಿಕೆಟ್ ತೆಗಿಸಾಕ ಹೊಂಟಾರ...' ತವರಿಗೆ ವಾಪಸು ಹೋದರೆ ಅಪ್ಪನ ತಲೆ ತಗ್ಗುತ್ತದೆ, ಇಲ್ಲೇ ಉಳಿದರೆ ಈ ಗೋಡೆಗಳು. ಯಾವ ಕಡೆ ತಿರುಗಿದರೂ ಮುಂದೆ ದಾರಿಯೇ ಇಲ್ಲ ಎನ್ನಿಸಿತು ಅವಳಿಗೆ.

ಗುರುವಾರ ಕಾರು ಹೊರಟಿತು. ರಸ್ತೆ ರಿಪೇರಿಯ ಕಿತ್ತಳೆ ಬಣ್ಣದ ಕೋನುಗಳ ನಡುವೆ ನಿಂತು ನಿಂತು ಸಾಗಿತು. ಅವನು ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ಅವಳು ತೊಡೆಯ ಮೇಲಿನ ಪಾಸ್‌ಪೋರ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಕಾರು ನಿಂತದ್ದು ಒಂದು ಲೈಬ್ರರಿಯ ಮುಂದೆ.

ಒಳಗೆ ಮೂಲೆಯ ಮೇಜಿನ ಹಿಂದೆ ಬೆಳ್ಳಿಗೂದಲಿನ ಹೆಂಗಸೊಬ್ಬರು ಕುಳಿತಿದ್ದರು. ಜನರ ಕಾಗದಪತ್ರ ನೋಡಿ, ಅವರು ಹೇಳಿದ್ದಕ್ಕೆ ಸಾಕ್ಷಿಯಾಗಿ ಪುಕ್ಕಟೆ ಸಹಿ ಹಾಕಿಕೊಡುವ ಇಂಥ ಹಿರಿಯರಿಗೆ ಇಲ್ಲಿ ಜೆ.ಪಿ. ಎನ್ನುತ್ತಾರೆ. ಗುರುತಿನ ಚೀಟಿ ಇಲ್ಲದಿದ್ದರೆ ಇಂಥವರ ಮುಂದೆ ಮಾಡಿದ ಘೋಷಣೆಯೂ ನಡೆಯುತ್ತದೆ ಎಂದು ಸಾಫ್ಟ್‌ವೇರ್ ಕಂಪನಿ ಕೊನೆಯ ಸಾಲಿನಲ್ಲಿ ಬರೆದಿತ್ತು. ಅಳುವಿನ ಭರದಲ್ಲಿ ರುದ್ರಾಣಿ ಅಲ್ಲಿಯ ತನಕ ಓದಿರಲೇ ಇಲ್ಲ.

ಶಿವಪ್ರಸಾದ ಚೀಲದಿಂದ ಎರಡು ಹಾಳೆ ತೆಗೆದ. ಮೊದಲನೆಯದು ಅವಳದು: ಈ ಪಾಸ್‌ಪೋರ್ಟಿನ ಶ್ರೀರಕ್ಷಾ ಮತ್ತು ಲೈಸೆನ್ಸಿನ ರುದ್ರಾಣಿ ಇಬ್ಬರೂ ನಾನೇ ಎಂದು. ಜೆ.ಪಿ. ಅಮ್ಮ ಅವಳ ಬಾಯಿಂದ ಹೇಳಿಸಿ ಸಹಿ ಮಾಡಿಸಿಕೊಂಡರು. ಎರಡನೆಯದು ಗಂಡನದು. ಅದನ್ನು ಅವರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದತೊಡಗಿದರು.

ನನ್ನ ಹೆಂಡತಿಯ ಹುಟ್ಟುಹೆಸರು ರುದ್ರಾಣಿ. ಮದುವೆಯ ದಿನ ಅದನ್ನು ಬದಲಾಯಿಸಿದವನು ನಾನು. ಆಗ ಅವಳನ್ನು ಕೇಳಲಿಲ್ಲ. ಅವಳ ಕಂಪ್ಯೂಟರನ್ನು ಅಳಿಸಿದವನೂ ನಾನೇ. ಆಗಲೂ ಕೇಳಲಿಲ್ಲ. ಈ ಲೈಸೆನ್ಸು ಅವಳದು, ಈ ವಿದ್ಯೆ ಅವಳದು. ನನ್ನ ತಪ್ಪಿಗೆ ಅವಳ ಕೆಲಸ ಹೋಗಬಾರದು.

ಜೆ.ಪಿ. ಅಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಕಂಪನಿಗೆ ಇಷ್ಟೆಲ್ಲ ಬೇಕಿಲ್ಲವಲ್ಲ, ಮೊದಲ ಎರಡು ಸಾಲು ಸಾಕು, ಉಳಿದದ್ದನ್ನು ಹೊಡೆದುಹಾಕಲೇ ಎಂದು ಕೇಳಿದರು. ಬೇಡ, ಎಲ್ಲವೂ ಇರಲಿ ಎಂದ ಶಿವಪ್ರಸಾದ. ಸಹಿ ಹಾಕುವಾಗ ಅವನ ಕಿವಿ ಕೆಂಪಾಗಿತ್ತು.

ರುದ್ರಾಣಿಗೆ ಅಕ್ಷರಗಳೇ ಕಾಣದಾದವು. ಕಣ್ಣು ತುಂಬಿ ಬಂದಿತ್ತು. ನಾನು ಈ ಮನುಷ್ಯನನ್ನು ಎಷ್ಟು ತಪ್ಪು ತಿಳಿದಿದ್ದೆ ಎಂದು ಅವಳಿಗೆ ಒಳಗೊಳಗೇ ನಾಚಿಕೆಯಾಯಿತು.

ಕಾರಿನಲ್ಲಿ ಕುಳಿತರೂ ಅವನು ಚಾಲೂ ಮಾಡಲಿಲ್ಲ. ಅವಳೇ ಬಾಯಿ ಬಿಟ್ಟಳು.

"ಆಲ್ಬನಿ ಪತ್ರ ಓದಿದ್ರಿ."

"ಹೂಂ."

"ನಿಮ್ಮನ್ನ ಬಿಟ್ಟು ಒಬ್ಬಾಕೀನ ಹೊಂಟಿದ್ದೆ ನಾನು."

"ಗೊತ್ತಾತು."

"ಗೊತ್ತಾಗಿನೂ ಯಾಕ ಸಹಿ ಹಾಕಿದ್ರಿ?"

ಅವನು ಕಾರಿನ ಕೀಲಿಯನ್ನು ತೆಗೆದು ಮುಂದಿಟ್ಟ.

"ಹಾಕದಿದ್ರ ನೀ ಮನ್ಯಾಗ ಇರ್ತಿದ್ದಿ, ಖರೆ. ನನ್ನ ಜೋಡಿ ಇರ್ತಿದ್ದೇನು? ನನಗ ಮಾತು ಬರೂದಿಲ್ಲ. ನಿನ್ನ ಮುಂದಂತೂ ಬಾಯೇ ಏಳೂದಿಲ್ಲ. ನಿನ್ನ ಮ್ಯಾಲೆ ಭಾಳ ಪ್ರೀತಿ ಐತಿ... ಅದನ್ನ ಹೆಂಗ ಹೇಳಬೇಕಂತ ತಿಳೀಲಿಲ್ಲ. ಅದಕ್ಕ ಕಂಪ್ಯೂಟರ್ ರಿಪೇರಿ ಮಾಡಿದೆ."

ಅಳುತ್ತಿದ್ದವಳಿಗೆ ನಗು ಬಂತು. ನಗುತ್ತಿದ್ದಂತೆಯೇ ಮತ್ತೆ ಅಳು ಬಂತು. ಹೀಗೂ ಒಬ್ಬ ಗಂಡಸು ಇರುತ್ತಾನೆಯೇ! ಎಂಟು ತಿಂಗಳಿಂದ ಇವನೂ ಅದೇ ಮನೆಯಲ್ಲಿ, ಅವಳಷ್ಟೇ ಒಂಟಿಯಾಗಿ ಕೂಡಿಹಾಕಿಕೊಂಡು ಕುಳಿತಿದ್ದನೆಂದು ಅವಳಿಗೆ ಆಗ ಹೊಳೆಯಿತು.

ಅಂದೇ ಎರಡೂ ಹಾಳೆಗಳನ್ನು ಸಾಫ್ಟ್‌ವೇರ್ ಕಂಪನಿಗೆ ಕಳಿಸಿದರು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಉತ್ತರ ಬಂತು. ಒಂದು ಅನುಮತಿ ಬಿಡಿಸಿಕೊಟ್ಟಿದ್ದೇವೆ, ಇನ್ನೊಮ್ಮೆ ಸಾಧ್ಯವಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಉಳಿದದ್ದು ಎರಡೇ ಗಂಟೆ. ರುದ್ರಾಣಿ ಕೀ ಬರೆದಳು, ಈ ಸಲ ಪರದೆ ತೆರೆದುಕೊಂಡಿತು. ಪೆನ್ ಡ್ರೈವ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಗೋಪುರ ಹಾಗೇ ಇತ್ತು. ಊಟ, ನೀರು ಮರೆತು ಕೂಡಿಸಿದಳು. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಆಲ್ಬನಿಗೆ ಕಳಿಸಿ ಹಿಂದಕ್ಕೆ ಒರಗಿದಳು. ಏನಾಗುತ್ತದೋ ಗೊತ್ತಿಲ್ಲ. ಆದರೆ ಬಹಳ ದಿನಗಳ ಮೇಲೆ ಉಸಿರು ಸಲೀಸಾಗಿ ಆಡಿತು.

ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಶಿವಪ್ರಸಾದ ಅಡುಗೆಮನೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ. ಒಳಗೆ ಬರಲೋ ಬೇಡವೋ ಎಂಬ ಅನುಮಾನ.

"ಕಳಿಸಿದ್ಯಾ?"

"ಕಳಿಸಿದೆ."

ಅವನು ಚಹಾ ಇಟ್ಟು, ಕೈ ಒರೆಸಿಕೊಳ್ಳುತ್ತ ಕೇಳಿದ. "ಇನ್ನ ಮ್ಯಾಲೆ ನಿನ್ನ ಯಾವ ಹೆಸರಿನಿಂದ ಕರೀಲಿ?"

"ಎಂಟು ತಿಂಗಳಾತು, ನೀವು ನನ್ನ ಯಾವ ಹೆಸರಿನಿಂದಾನೂ ಕರದಿಲ್ಲ. ಮೊದಲ ಕರೀರಿ. ಯಾವ ಹೆಸರಂತ ಆಮ್ಯಾಲೆ ನೋಡೂಣು."

ಅವನು ಒಮ್ಮೆ ಬಾಯಿ ತೆರೆದು ಮುಚ್ಚಿದ. ಎರಡನೆಯ ಸಲಕ್ಕೆ ಮಾತು ಹೊರಬಂತು.

"ರುದ್ರಾಣಿ..."

"ಏನ್ರೀ?"

"ಕೆಲಸ ಸಿಕ್ರ... ಆಲ್ಬನಿಗೆ ನಾನೂ ಬರಲೇನು? ಅಲ್ಲೂ ಮನಿ ಕಟ್ಟಸ್ತಾರ, ನನಗೂ ಏನರ ಕೆಲಸ ಸಿಗತೈತಿ."

ಅವಳು ಚಹಾದ ಕಪ್ಪನ್ನು ಪಕ್ಕಕ್ಕಿಟ್ಟು ಅವನ ಕೈ ಹಿಡಿದಳು.

"ಬರ್ರಿ. ಆದ್ರ ನನ್ನ ಕಂಪ್ಯೂಟರ್ ಮುಟ್ಟಬ್ಯಾಡ್ರಿ."